ಎಲೆ ಮಡಚಿ ಏಳುವ ಪಾಠ

ಪ್ರೀತಿಯ ಮಕ್ಕಳೇ,

ಹೀಗೆ ಕರೆದದ್ದಕ್ಕೆ ಬೇಸರಪಟ್ಟುಕೊಳ್ಳಬೇಡಿ. ನಿಮ್ಮಲ್ಲಿ ಕೆಲವರು ಕಾಲೇಜು ಮುಗಿಸಿದ್ದೀರಿ, ಕೆಲವರು ಕೈತುಂಬ ಸಂಬಳ ತರುತ್ತಿದ್ದೀರಿ ಎಂಬುದು ನನಗೆ ಗೊತ್ತು. ಆದರೆ ಸಂಘದ ಯುಗಾದಿ ಊಟದಲ್ಲಿ ವರ್ಷ ವರ್ಷವೂ ನಿಮಗೆ ಹೋಳಿಗೆ ಬಡಿಸುತ್ತ ಬಂದ ನನ್ನಂಥವಳಿಗೆ ನೀವು ಎಂದೆಂದಿಗೂ ಮಕ್ಕಳೇ.

ಈ ಸಂಚಿಕೆಗೆ ಸಂಪಾದಕರು ನನ್ನಿಂದ ಕೇಳಿದ್ದು ಬದನೆಕಾಯಿ ಎಣ್ಣೆಗಾಯಿ ಮಾಡುವ ವಿಧಾನ. ನಾನು "ಗಣಕಯಂತ್ರದ ಬಗ್ಗೆ ಬರೆಯುತ್ತೇನೆ" ಎಂದಾಗ ಅವರು ಒಂದು ಕ್ಷಣ ಸುಮ್ಮನಾದರು. ತಪ್ಪೇನಿಲ್ಲ. ಧಾರವಾಡದಲ್ಲಿ ಇಂಗ್ಲಿಷ್ ಸಾಹಿತ್ಯ ಓದಿ ಬಿ.ಎ. ಮಾಡಿಕೊಂಡು, ಮದುವೆಯಾಗಿ ಹೈದರಾಬಾದಿಗೆ ಬಂದು ಮೂವತ್ತು ವರ್ಷ ಒಲೆಯ ಮುಂದೆ ನಿಂತ ಗೃಹಿಣಿ, ಸರ್ವರ್, ಲಾಗಿನ್ ಎಂದರೆ ಯಾರಿಗಾದರೂ ನಗು ಬರುವುದು ಸಹಜವೇ. ನಿಮ್ಮ ಮುಂದೆ ನಾನು ಪಂಡಿತಳಲ್ಲ. ಆದರೆ ಕಳೆದ ಬೇಸಿಗೆಯಲ್ಲಿ ನನ್ನ ಕೈಯಿಂದ ಒಂದು ತಪ್ಪು ನಡೆದುಹೋಯಿತು. ಅದನ್ನು ನಿಮಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನವಿಲ್ಲ.

ಒಂದು ಅಡುಗೆಮನೆ, ಎಂಟು ಎಲೆ

ಕೊಂಡಾಪುರದಲ್ಲಿ ನಮ್ಮ ಸಂಘ ಬಾಡಿಗೆಗೆ ಹಿಡಿದಿರುವ ಮಹಡಿಯ ಕೋಣೆಯನ್ನು ನೀವು ನೋಡಿದ್ದೀರಿ. ಅಲ್ಲಿ ಗೋಡೆಯ ಪಕ್ಕ ಎಂಟು ಹಳೆಯ ಗಣಕಯಂತ್ರಗಳಿವೆ. ಕಚೇರಿಯೊಂದು ಹಳತಾಯಿತೆಂದು ತೆಗೆದುಹಾಕಿದ್ದನ್ನು ಸದಸ್ಯರೊಬ್ಬರು ಕೇಳಿ ತಂದರು. ಒಂದೊಂದನ್ನೇ ಚಾಲೂ ಮಾಡಿದರೆ ಕನ್ನಡದ ಒಂದು ಪುಟ ತೆರೆಯುವಷ್ಟರಲ್ಲಿ ಚಹಾ ಮಾಡಿ ಕುಡಿದು ಬರಬಹುದಿತ್ತು. ಆಗ ನಮ್ಮ ಸಂಘದ ಹುಡುಗನೊಬ್ಬ ಹೇಳಿದ: "ಆಂಟಿ, ಎಂಟಕ್ಕೂ ಖರ್ಚು ಮಾಡೋದು ಬೇಡ. ಒಂದೇ ಒಂದು ಒಳ್ಳೇ ಮೆಷಿನ್ ತಗೊಳ್ಳೋಣ. ಇವೆಲ್ಲ ಅದಕ್ಕೆ ಬರೀ ಮುಖ ಆಗಿರ್ತವೆ."

ವಂತಿಗೆ ಎತ್ತಿ 16 ಜಿಬಿ ನೆನಪಿನ ಒಂದು ಯಂತ್ರ ಕೊಂಡೆವು. ಅದೇ ಸರ್ವರ್. ಹಳೆಯ ಎಂಟೂ 'ಥಿನ್ ಕ್ಲೈಂಟ್'ಗಳಾದವು, ಅಂದರೆ ತೆಳು ಯಂತ್ರಗಳು. ನೀವು ಕೀಲಿ ಒತ್ತುವುದು ತೆಳು ಯಂತ್ರದ ಮೇಲೆ. ಆದರೆ ಕೆಲಸ ನಡೆಯುವುದು, ಕಡತ ಉಳಿಯುವುದು ಎಲ್ಲ ಸರ್ವರಿನಲ್ಲಿ. ತೆಳು ಯಂತ್ರ ಅದರ ಚಿತ್ರವನ್ನಷ್ಟೇ ನಿಮಗೆ ತೋರಿಸುತ್ತದೆ.

ನನಗೆ ಇದು ಅರ್ಥವಾದದ್ದು ಮದುವೆ ಮನೆಯ ಊಟದ ಹೋಲಿಕೆಯಿಂದ. ಸರ್ವರ್ ಎಂದರೆ ಅಡುಗೆಮನೆ. ತೆಳು ಯಂತ್ರ ಎಂದರೆ ಬಾಳೆಲೆ. ಎಲೆಯ ಮೇಲೆ ಅಡುಗೆ ಬೇಯುವುದಿಲ್ಲ. ಅಲ್ಲಿಗೆ ಬಂದು ಬೀಳುತ್ತದೆ ಅಷ್ಟೆ. ನೀವು ಹೆಸರು, ಗುಪ್ತಪದ ಕೊಟ್ಟು ಒಳಗೆ ಬಂದ ಗಳಿಗೆಯಿಂದ ಹೊರಗೆ ಹೋಗುವವರೆಗಿನ ಅವಧಿಯೇ 'ಸೆಷನ್'. ನಿಘಂಟಿನಲ್ಲಿ ಇದಕ್ಕೆ 'ಅಧಿವೇಶನ' ಎಂದಿದೆ. ಹಾಗೆಂದರೆ ವಿಧಾನಸೌಧವೇ ಕಣ್ಣ ಮುಂದೆ ಬರುತ್ತದೆ, ಆದ್ದರಿಂದ ಸೆಷನ್ ಎಂದೇ ಹೇಳುತ್ತೇನೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಊಟದ ನಡುವೆ ಫೋನು ಬಂತೆಂದು ಎದ್ದು ಹೋದಿರಿ ಎಂದುಕೊಳ್ಳಿ. ಎಲೆ ಹಾಗೆಯೇ ಇದೆ, ಜಾಗ ನಿಮ್ಮದೇ, ಬಡಿಸುವವರು ಅದನ್ನು ದಾಟಿ ಹೋಗುತ್ತಾರೆ. ಇದು 'ಡಿಸ್‌ಕನೆಕ್ಟ್'. ಊಟ ಮುಗಿಸಿ ಎಲೆ ಮಡಚಿ ಎದ್ದಿರಿ. ಇದು 'ಲಾಗ್‌ಔಟ್'. ದೂರದಿಂದ ನೋಡುವವರಿಗೆ ಎರಡೂ ಒಂದೇ: ಕುರ್ಚಿ ಖಾಲಿ, ಪರದೆ ಕಪ್ಪು. ಆದರೆ ಅಡುಗೆಮನೆಗೆ ಎರಡೂ ಬೇರೆ ಬೇರೆ. ಪರದೆಯ ಮೂಲೆಯ ಗುಣಿಸು ಚಿಹ್ನೆ ಒತ್ತಿ ಹೋದರೆ ನೀವು ಬರೀ ಎದ್ದು ಹೋದಂತೆ. ಒಳಗೆ ನೀವು ತೆರೆದದ್ದೆಲ್ಲ ನಡೆಯುತ್ತಲೇ ಇರುತ್ತದೆ.

ಹಸಿರು ಅಕ್ಷರಗಳ ಕಾಲ

ಇದೇನೂ ಹೊಸ ವಿದ್ಯೆಯಲ್ಲ. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಟೊ ಮತ್ತು ಸಂಗಡಿಗರು 1961ರಲ್ಲಿ ಒಂದೇ ದೊಡ್ಡ ಗಣಕಯಂತ್ರವನ್ನು ಹಲವರು ಒಟ್ಟಿಗೆ ಬಳಸುವ ಏರ್ಪಾಡನ್ನು ಮಾಡಿ ತೋರಿಸಿದರು. ಯಂತ್ರ ಒಬ್ಬರಿಗೆ ಒಂದು ಕ್ಷಣ, ಇನ್ನೊಬ್ಬರಿಗೆ ಒಂದು ಕ್ಷಣ ಎಂದು ಸುತ್ತಿ ಬರುತ್ತಿತ್ತು. ಹಲವರ ಕಡತ ಒಂದೇ ಕಡೆ ಸೇರಿದ್ದರಿಂದ ಪ್ರತಿಯೊಬ್ಬರಿಗೂ ಒಂದು ಗುಪ್ತಪದ ಬೇಕಾಯಿತು. ನಾವು ದಿನಕ್ಕೆ ಹತ್ತು ಸಲ ಗೊಣಗುತ್ತ ಟೈಪು ಮಾಡುವ ಪಾಸ್‌ವರ್ಡಿನ ಹುಟ್ಟು ಅಲ್ಲಿದೆ. ತಮಾಷೆಯೆಂದರೆ, 1962ರಲ್ಲಿಯೇ ಅಲ್ಲಿನ ಸಂಶೋಧಕ ಅಲನ್ ಶೆರ್ ಎಂಬುವರು ತಮ್ಮ ಪಾಲಿನ ಸಮಯ ಸಾಲದೆಂದು ಗುಪ್ತಪದಗಳ ಪಟ್ಟಿಯನ್ನೇ ಮುದ್ರಿಸಿಕೊಂಡರಂತೆ! ಬೀಗ ಹುಟ್ಟಿದ ಬೆನ್ನಿಗೇ ಕಳ್ಳಕೀಲಿಯೂ ಹುಟ್ಟಿತು.

ನಾನು ಜೀವನದಲ್ಲಿ ಮೊದಲು ನೋಡಿದ ಟರ್ಮಿನಲ್ ಯಾವುದು ಗೊತ್ತೇ? ಸಿಕಂದರಾಬಾದಿನ ರೈಲ್ವೆ ರಿಸರ್ವೇಶನ್ ಕೌಂಟರಿನದು. ತೊಂಬತ್ತರ ದಶಕದಲ್ಲಿ ತವರಿಗೆ ಹೋಗಬೇಕೆಂದರೆ ಅಲ್ಲಿ ಸಾಲು ನಿಲ್ಲಲೇಬೇಕು. ಕಿಟಕಿಯ ಆಚೆ ಕಪ್ಪು ಪರದೆ, ಹಸಿರು ಅಕ್ಷರ. ಗುಮಾಸ್ತರು ಒಂದು ಪಾಳಿ ಮುಗಿಸಿ ಏಳುವಾಗ ಏನೋ ಒತ್ತಿ ಹಣ ಎಣಿಸುತ್ತಿದ್ದರು. ಹೊಸಬರು ಬಂದು ಮತ್ತೇನೋ ಒತ್ತುವವರೆಗೆ ಸಾಲು ಮುಂದೆ ಹೋಗುತ್ತಿರಲಿಲ್ಲ. ನಾವೆಲ್ಲ "ಏನು ನಿಧಾನವಪ್ಪಾ" ಎಂದು ಬೈಯುತ್ತಿದ್ದೆವು. ಒಬ್ಬರು ತಮ್ಮ ಹೆಸರಿನ ಲೆಕ್ಕ ಮುಚ್ಚಿ, ಇನ್ನೊಬ್ಬರು ತಮ್ಮ ಹೆಸರಿನ ಲೆಕ್ಕ ತೆರೆಯುತ್ತಿದ್ದರು ಎಂಬುದು ಈಗ ತಿಳಿಯುತ್ತದೆ. ಯಾರ ಹೆಸರಿನಲ್ಲಿ ಟಿಕೀಟು ಹೊರಟಿತೋ ಆ ಹಣಕ್ಕೆ ಅವರೇ ಹೊಣೆ.

ಆ ಟರ್ಮಿನಲ್ಲಿನೊಳಗೂ ರೈಲಿನ ಲೆಕ್ಕ ಇರಲಿಲ್ಲ. ಅದೆಲ್ಲ ಒಳಗಿನ ದೊಡ್ಡ ಯಂತ್ರದಲ್ಲಿತ್ತು. ದೆಹಲಿಯಲ್ಲಿ ಎಂಬತ್ತರ ದಶಕದ ನಡುವಿನಲ್ಲಿ ಮೊದಲಾದ ಈ ವ್ಯವಸ್ಥೆಯನ್ನು ಸಿದ್ಧಪಡಿಸಿದ್ದು ಸಿಎಂಸಿ ಸಂಸ್ಥೆ. ಆಮೇಲೆ ಬಂದ 'ಕನ್ಸರ್ಟ್' ಎಂಬ ಹೊಸ ವ್ಯವಸ್ಥೆ 1994ರಲ್ಲಿ ಮೊದಲು ಜಾರಿಯಾದದ್ದು ನಮ್ಮ ಸಿಕಂದರಾಬಾದಿನಲ್ಲಿಯೇ. 1999ರ ಹೊತ್ತಿಗೆ ದೆಹಲಿ, ಮುಂಬೈ, ಕಲ್ಕತ್ತಾ, ಮದರಾಸು, ಸಿಕಂದರಾಬಾದುಗಳ ಐದೂ ಕೇಂದ್ರಗಳು ಒಂದಕ್ಕೊಂದು ಕೂಡಿದವು. ಆ ಸಿಎಂಸಿಯ ಕೇಂದ್ರ ಇದ್ದದ್ದು ನಮ್ಮ ಪಕ್ಕದ ಗಚ್ಚಿಬೌಲಿಯಲ್ಲಿ, ಹಳೆ ಮುಂಬೈ ರಸ್ತೆಯಲ್ಲಿ. 2015ರಲ್ಲಿ ಅದು ಟಿಸಿಎಸ್‌ನಲ್ಲಿ ವಿಲೀನವಾಯಿತು. ನಿಮ್ಮಲ್ಲಿ ಎಷ್ಟೋ ಜನ ದಿನವೂ ಆ ರಸ್ತೆಯಲ್ಲಿಯೇ ಓಡಾಡುತ್ತೀರಿ.

ಮುಂದೆ 1998ರಲ್ಲಿ, ಇಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ವರ್ಷವೇ, ಮೈಕ್ರೋಸಾಫ್ಟ್ ತನ್ನ ಎನ್‌ಟಿ 4ರ ಟರ್ಮಿನಲ್ ಸರ್ವರ್ ಆವೃತ್ತಿಯನ್ನು ತಂದಿತು. 1999ರಲ್ಲಿ ಅಮೆರಿಕದ ಜಿಮ್ ಮೆಕ್‌ಕ್ವಿಲನ್ ಲಿನಕ್ಸಿಗಾಗಿ ಇಂಥದೇ ಉಚಿತ ಯೋಜನೆ ಆರಂಭಿಸಿದರು. ಹಳೆಯ ಯಂತ್ರಗಳಿಗೆ ಹೊಸ ಜೀವ ಬಂದದ್ದು ಇಂಥ ಕೆಲಸಗಳಿಂದ.

ನಾನು ಮಾಡಿದ ತಪ್ಪು

ನಮ್ಮ ಕೋಣೆಯಲ್ಲಿ ಸರ್ವರ್ ಕೂಡಿಸಿದ ಹುಡುಗ ಎಂಟು ಲಾಗಿನ್ ಮಾಡಿಕೊಟ್ಟಿದ್ದ: ಸಂಘ 1, ಸಂಘ 2 ಎಂದು ಸಂಘ 8ರವರೆಗೆ. ಪ್ರತಿ ಯಂತ್ರಕ್ಕೂ ಅದರ ಸಂಖ್ಯೆಯ ಚೀಟಿ ಅಂಟಿಸಿ, ಗುಪ್ತಪದವನ್ನು ಬೋರ್ಡಿನ ಮೇಲೆ ಬರೆದಿದ್ದೆವು. ಹೆಸರು ಕುರ್ಚಿಗೆ ಕೊಟ್ಟಿದ್ದೆವೇ ಹೊರತು ಮನುಷ್ಯರಿಗಲ್ಲ. ಸಂಘದ ಮಕ್ಕಳು ತಾನೇ, ಮುಚ್ಚುಮರೆ ಏಕೆ ಎಂಬುದು ನಮ್ಮೆಲ್ಲರ ಭಾವನೆ.

ರಾಜ್ಯೋತ್ಸವ ಸಂಚಿಕೆಗೆಂದು ಬೇಸಿಗೆ ರಜೆಯಲ್ಲಿಯೇ ಮಕ್ಕಳಿಗೆ ಒಂದು ಕೆಲಸ ಕೊಟ್ಟೆವು: ನಿಮ್ಮ ಅಜ್ಜ ಅಜ್ಜಿಯ ಬಾಲ್ಯದ ಕಥೆಯನ್ನು ಕೇಳಿ, ಕನ್ನಡದಲ್ಲಿ ಟೈಪು ಮಾಡಿ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ದಿನವೂ ಮಧ್ಯಾಹ್ನ ಬಂದು ಐದನೆಯ ಯಂತ್ರದ ಮುಂದೆ ಕೂರುತ್ತಿದ್ದಳು. ಅವಳ ಅಜ್ಜಿ ಬೀದರ ಜಿಲ್ಲೆಯ ಹಳ್ಳಿಯಲ್ಲಿದ್ದಾರೆ, ಎಂಬತ್ತು ದಾಟಿದೆ. ಹುಡುಗಿ ಫೋನು ಮಾಡಿ, ಧ್ವನಿ ಜೋರು ಮಾಡಿಟ್ಟು, ಕೇಳುತ್ತ ಕೇಳುತ್ತ ಟೈಪು ಮಾಡುವಳು. ಕನ್ನಡ ಅಕ್ಷರ ಒಂದೊಂದೇ ಹುಡುಕಿ ಒತ್ತಬೇಕು. ಒಂದು ವಾಕ್ಯಕ್ಕೆ ಹತ್ತು ನಿಮಿಷ.

ಅಜ್ಜಿ ಹೇಳುತ್ತಿದ್ದದ್ದು 1948ರ ಕಥೆ. ರಜಾಕಾರರ ಹಾವಳಿಯ ದಿನಗಳು, ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ಮಾತು. ಅವರಿಗೆ ಆಗ ಏಳೆಂಟು ವರ್ಷ. ರಾತ್ರೋರಾತ್ರಿ ಊರು ಬಿಡುವಾಗ ಅವರ ಅವ್ವ ಹಿತ್ತಿಲಲ್ಲಿ ತಾಮ್ರದ ಹಂಡೆ ಹೂಳಿದ್ದು, ಜೊತೆಗೆ ನಡೆದವರ ಹೆಸರು, ದಾರಿಯಲ್ಲಿ ಜೋಳದ ರೊಟ್ಟಿ ಕೊಟ್ಟ ಮನೆಯವರ ಹೆಸರು. ಅವಳ ಬೆನ್ನ ಹಿಂದೆ ನಿಂತು ನಾನೂ ಅಷ್ಟಿಷ್ಟು ಓದಿದ್ದೆ. ಹನ್ನೊಂದು ಪುಟ ಆಗಿತ್ತು.

ಒಂದು ಸಲ ಕೇಳಿದ್ದೆ: "ಪುಟ್ಟೀ, ಸೇವ್ ಮಾಡಿದ್ದೀಯಲ್ಲ?"

"ಬೇಕಾಗಿಲ್ಲ ಆಂಟಿ, ಹಾಗೇ ಬಿಟ್ಟು ಹೋದ್ರೆ ನಾಳೆ ಹಾಗೇ ಸಿಗುತ್ತೆ" ಎಂದಳು.

ಅವಳ ಮಾತು ಸುಳ್ಳಾಗಿರಲಿಲ್ಲ. ಅವಳು ಗುಣಿಸು ಚಿಹ್ನೆ ಒತ್ತಿ ಹೋಗುತ್ತಿದ್ದಳು. ಸರ್ವರಿನೊಳಗೆ ಅವಳ ಸೆಷನ್ ಹಾಗೆಯೇ ಕಾಯುತ್ತಿತ್ತು. ಮರುದಿನ ಅದೇ ಹೆಸರಿನಲ್ಲಿ ಬಂದರೆ ನಿಂತ ಸಾಲಿನಲ್ಲೇ ತೆರೆಯುತ್ತಿತ್ತು. ಆ ದಿನಗಳಲ್ಲಿ ಐದನೆಯ ಯಂತ್ರಕ್ಕೆ ಬೇರೆ ಯಾರೂ ಕೂತಿರಲಿಲ್ಲ, ಅಷ್ಟೆ.

ಒಂದು ಶನಿವಾರ ತರಗತಿಯ ಹೊತ್ತಿಗೆ ಎಲ್ಲ ಪರದೆಗಳೂ ತೆವಳಲು ಶುರುವಾದವು. ಒಬ್ಬೊಬ್ಬರು ಒಂದು ಬ್ರೌಸರ್, ಒಂದು ಬರೆಯುವ ತಂತ್ರಾಂಶ ತೆರೆದರೆ ಹೆಚ್ಚು ಕಡಿಮೆ ಒಂದೆರಡು ಜಿಬಿ ನೆನಪು ಬೇಕು. ಎಂಟು ಜನ ಒಟ್ಟಿಗೆ ಕೂತರೆ 16 ಜಿಬಿಯೂ ಹೇಗೋ ಸಾಲಬೇಕು. ಸಾಲದ್ದಕ್ಕೆ ಹಿಂದಿನ ದಿನಗಳಲ್ಲಿ ಬಂದವರು ತೆರೆದು ಬಿಟ್ಟದ್ದೆಲ್ಲ ಹಾಗೆಯೇ ಉಳಿದು ಜಾಗ ಹಿಡಿದಿತ್ತು. ಸರ್ವರ್ ನೋಡಿಕೊಳ್ಳುವ ಹುಡುಗ ಊರಲ್ಲಿರಲಿಲ್ಲ. ಒಳಗೆ ಯಾರಿದ್ದಾರೆ ಎಂದು ನೋಡುವ ಆಜ್ಞೆಯನ್ನು ಅವನು ನನಗೆ ಕಲಿಸಿದ್ದ. ಇಂಗ್ಲಿಷಿನ 'ಹೂ', ಯಾರು ಎಂದರ್ಥ. 1971ರ ಮೊಟ್ಟಮೊದಲ ಯುನಿಕ್ಸ್‌ನಿಂದಲೂ ಇದೆಯಂತೆ. ನನಗಂತೂ ಮಲ್ಲಿಗೆ ಹೂವೆಂದೇ ನೆನಪು ಉಳಿದಿತ್ತು. ಸೆಷನ್ ಮುಗಿಸುವ ಆಜ್ಞೆಯನ್ನೂ ಹೇಳಿಕೊಟ್ಟಿದ್ದ.

ಹೊಸದಾಗಿ ಕಲಿತ ವಿದ್ಯೆ ನೋಡಿ, ಕೈ ಸುಮ್ಮನಿರಲಿಲ್ಲ. ಮಕ್ಕಳನ್ನೆಲ್ಲ ಆಟಕ್ಕೆ ಕಳಿಸಿ, ಪಟ್ಟಿಯಲ್ಲಿದ್ದ ಎಲ್ಲ ಸೆಷನ್ನುಗಳನ್ನೂ ಒಂದೊಂದಾಗಿ ಮುಗಿಸಿಬಿಟ್ಟೆ. ಯಂತ್ರಗಳು ಚುರುಕಾದವು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ಹೆಮ್ಮೆಯಿಂದ ಮನೆಗೆ ಹೋದೆ.

ಆಗಲೂ ಒಂದು ಅವಕಾಶ ಉಳಿದಿತ್ತು. ಬರೆಯುವ ತಂತ್ರಾಂಶ ಕೆಲವು ನಿಮಿಷಗಳಿಗೊಮ್ಮೆ ತಾನೇ ಒಂದು ಗುಪ್ತ ಪ್ರತಿ ಇಟ್ಟುಕೊಂಡಿರುತ್ತದೆ. ಆದರೆ ಅದು ಇಟ್ಟದ್ದು 'ಸಂಘ 5'ರ ಹೆಸರಿನಲ್ಲಿ. ಭಾನುವಾರ ಐದನೆಯ ಯಂತ್ರಕ್ಕೆ ಕೂತವನು ಬೇರೊಬ್ಬ ಹುಡುಗ. "ಹಳೆಯ ಕಡತ ಮರಳಿ ಬೇಕೇ?" ಎಂದು ಯಂತ್ರ ಅವನನ್ನು ಕೇಳಿತು. ಅವನು ಬೇಡ ಎಂದ. ಅವನದಲ್ಲವಲ್ಲ, ಅವನೇಕೆ ಬೇಕು ಎನ್ನುತ್ತಾನೆ?

ಸೋಮವಾರ ಹುಡುಗಿ ಬಂದಳು. ಪರದೆ ಖಾಲಿ. ಅವಳು ಅಳಲಿಲ್ಲ, ನನ್ನ ಕಡೆ ನೋಡಿದಳು ಅಷ್ಟೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಆ ದೊಣ್ಣೆ ನನ್ನ ಕೈಯಲ್ಲಿತ್ತು.

ಅಜ್ಜಿಗೆ ನಾನೇ ಫೋನು ಮಾಡಿ ತಪ್ಪೊಪ್ಪಿಕೊಂಡು, ಮತ್ತೊಮ್ಮೆ ಹೇಳಿರೆಂದು ಬೇಡಿಕೊಂಡೆ. "ಹೇಳೀನಲ್ಲವ್ವಾ, ಮತ್ತೇನ್ ಹೇಳ್ಲಿ? ಹೋದ್ವಿ, ಬಂದ್ವಿ" ಎಂದರು. ಮೊಮ್ಮಗಳ ಒತ್ತಾಯಕ್ಕೆ ಆಮೇಲೆ ಹೇಳಿದರು. ಆದರೆ ಮೊದಲು ಹೇಳಿದಂತೆ ಹೇಳಲಿಲ್ಲ. ಹನ್ನೊಂದು ಪುಟ ನಾಲ್ಕಾಯಿತು. ಹಂಡೆಯ ಮಾತು ಬಂತು. ಜೊತೆಗೆ ನಡೆದವರ ಹೆಸರುಗಳು ಬರಲಿಲ್ಲ. ನನಗೂ ಆ ಹೆಸರುಗಳು ನೆನಪಾಗಲಿಲ್ಲ. ರಾಜ್ಯೋತ್ಸವ ಸಂಚಿಕೆಯಲ್ಲಿ ನೀವು ಓದಿದ್ದು ಆ ನಾಲ್ಕು ಪುಟವನ್ನು.

ಆಮೇಲೆ ಮಾಡಿಕೊಂಡ ಕಟ್ಟಳೆ

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ನೀವು ನಗಬಹುದು. ಆದರೂ ಬಾಗಿಲು ಹಾಕಿದೆವು. ಆ ಹುಡುಗ, ನಾನು, ಮತ್ತು ಆ ಹುಡುಗಿ, ಮೂವರೂ ಕೂತು ಕಟ್ಟಳೆ ಮಾಡಿದೆವು. ನಿಮ್ಮ ಕಾಲೇಜಿನಲ್ಲಿ, ಕಚೇರಿಯಲ್ಲಿ ಇಂಥದು ನಿಮ್ಮ ಕೈಗೆ ಬಂದರೆ ಉಪಯೋಗವಾದೀತೆಂದು ಬರೆಯುತ್ತೇನೆ.

ಒಂದು: ಹೆಸರು ಕುರ್ಚಿಗಲ್ಲ, ಮನುಷ್ಯರಿಗೆ. ಈಗ ಪ್ರತಿ ಮಗುವಿಗೂ ಅದರದೇ ಲಾಗಿನ್, ಅದರದೇ ಗುಪ್ತಪದ, ಅದರದೇ ಕಡತದ ಗೂಡು ಇದೆ. ಬೋರ್ಡು ಒರೆಸಿದೆವು.

ಎರಡು: ಒಬ್ಬರಿಗೆ ಒಂದೇ ಸೆಷನ್. ಎರಡನೆಯ ಯಂತ್ರದಿಂದ ಬಂದರೂ ಹಳೆಯ ಸೆಷನ್ನೇ ಅಲ್ಲಿ ತೆರೆದುಕೊಳ್ಳುತ್ತದೆ. ಒಬ್ಬರಿಗೆ ಎರಡು ಎಲೆ ಹಾಕುವುದಿಲ್ಲ; ಆದರೆ ಎಲ್ಲಿ ಕೂತರೂ ಅವರ ಎಲೆ ಅಲ್ಲಿಗೇ ಬರುತ್ತದೆ.

ಮೂರು: ಸುಮ್ಮನೆ ಕೂತ ಸೆಷನ್ನಿಗೆ ಹದಿನೈದು ನಿಮಿಷದ ಮೇಲೆ ಪರದೆಗೆ ಬೀಗ ಬೀಳುತ್ತದೆ. ಬೀಗ ಬಿದ್ದರೆ ಒಳಗಿನ ಕೆಲಸ ಹಾಳಾಗುವುದಿಲ್ಲ, ಪಕ್ಕದವರು ಇಣುಕಲಾಗುವುದಿಲ್ಲ ಅಷ್ಟೆ. ಬಿಟ್ಟು ಹೋದ ಸೆಷನ್ನಿಗೆ ಒಂದು ದಿನದ ಗಡುವು. ಆ ಮೇಲೆ ಮುಗಿಸುತ್ತೇವೆ. ಈ ಗಡುವನ್ನು ನಾವೇ ಇಡಬೇಕು. ವಿಂಡೋಸ್ ಸರ್ವರಿನಲ್ಲಿಯೂ ಬಿಟ್ಟು ಹೋದ ಸೆಷನ್ ತಾನಾಗಿ ಮುಗಿಯುವುದಿಲ್ಲ, ಯಾರಾದರೂ ಅವಧಿ ಗೊತ್ತುಮಾಡದ ಹೊರತು.

ನಾಲ್ಕು: ಮುಗಿಸುವ ಮುಂಚೆ ಕೇಳಬೇಕು. 'ವಾಲ್' ಎಂಬ ಆಜ್ಞೆ ಒಳಗಿದ್ದವರಿಗೆಲ್ಲ ಸಂದೇಶ ಕಳಿಸುತ್ತದೆ, ಆದರೆ ಅದು ಎದ್ದು ಹೋದವರಿಗೆ ಕಾಣದು. ಆದ್ದರಿಂದ ಗೋಡೆಯ ಮೇಲೆ ಎಲ್ಲರ ಮನೆಯ ಫೋನು ಸಂಖ್ಯೆ ತೂಗುಹಾಕಿದ್ದೇವೆ. 'ಲಾಗಿನ್‌ಸಿಟಿಎಲ್' ಎಂಬ ಆಜ್ಞೆ ಪ್ರತಿ ಸೆಷನ್ನಿಗೂ ಒಂದು ಸಂಖ್ಯೆ ಕೊಟ್ಟು ಪಟ್ಟಿ ಮಾಡುತ್ತದೆ. ಆ ಸಂಖ್ಯೆ ಹಿಡಿದು ಬೇಕಾದ ಒಂದನ್ನೇ ಮುಗಿಸಬಹುದು. ಎಲ್ಲವನ್ನೂ ಒಟ್ಟಿಗೆ ಗುಡಿಸುವ ಅಗತ್ಯ ಎಂದೂ ಬೀಳುವುದಿಲ್ಲ. ಅದು ನನ್ನಂಥ ಅವಸರದವರ ಕೆಲಸ.

ಐದು: ಹಾಸಿಗೆ ಇದ್ದಷ್ಟು ಕಾಲು ಚಾಚು. ಒಬ್ಬೊಬ್ಬರಿಗೂ ನೆನಪಿನ ಮಿತಿ ಗೊತ್ತುಮಾಡಿದ್ದೇವೆ. ಒಬ್ಬರು ಇಪ್ಪತ್ತು ಪುಟ ತೆರೆದರೆ ಅವರದೇ ನಿಧಾನವಾಗುತ್ತದೆ, ಉಳಿದ ಏಳು ಜನರದಲ್ಲ.

ಆರು: ಮೊದಲ ವಾಕ್ಯ ಬರೆಯುವ ಮುಂಚೆಯೇ ಕಡತಕ್ಕೆ ಹೆಸರಿಟ್ಟು ಸೇವ್ ಮಾಡುವುದು. ರಾತ್ರಿ ಸರ್ವರ್ ಎಲ್ಲ ಗೂಡುಗಳ ಪ್ರತಿಯನ್ನು ಬೇರೊಂದು ಡಿಸ್ಕಿಗೆ ತೆಗೆದಿಡುತ್ತದೆ. ಸೆಷನ್ ಎಂಬುದು ಕೂತುಕೊಳ್ಳುವ ಜಾಗ, ಕಪಾಟಲ್ಲ. ಇದನ್ನು ಆ ಹುಡುಗಿಯೇ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾಳೆ.

ನಿಮ್ಮ ಹೆಸರಿನ ಬಾಗಿಲು

ಇಷ್ಟು ಸಣ್ಣ ಕೋಣೆಗೆ ಇಷ್ಟು ಕಟ್ಟಳೆಯೇ ಎಂದು ಕೆಲವು ಹಿರಿಯರು ಕೇಳಿದರು. ಅವರಿಗೆ ನಾನು ಕರ್ನಾಟಕದ 'ಭೂಮಿ' ಯೋಜನೆಯ ಉದಾಹರಣೆ ಕೊಟ್ಟೆ. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ತಾಲ್ಲೂಕು ಕಚೇರಿಗಳ ಗಣಕಯಂತ್ರಕ್ಕೆ ಏರಿಸಿದಾಗ, ಅದನ್ನು ತಿದ್ದುವ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕೆಂದು ಗೊತ್ತುಮಾಡಿದರು. ಗುಪ್ತಪದವಾದರೆ "ನಾನಲ್ಲ, ಬೇರೆ ಯಾರೋ ನನ್ನ ಹೆಸರಿನಲ್ಲಿ ಮಾಡಿದರು" ಎನ್ನಬಹುದು. ಬೆರಳನ್ನು ಯಾರಿಗೆ ಎರವಲು ಕೊಡಲು ಸಾಧ್ಯ? ಒಬ್ಬ ರೈತನ ಹೊಲದ ಹೆಸರು ಬದಲಾದರೆ ಬದಲಿಸಿದವರು ಯಾರೆಂದು ತಿಳಿಯಲೇಬೇಕು.

ನಿಮ್ಮ ಕಚೇರಿಗಳಲ್ಲಿಯೂ ಇದೇ ಅಲ್ಲವೇ? ನನ್ನ ಮಗ ಹೇಳುತ್ತಿರುತ್ತಾನೆ: ವಿಂಡೋಸ್ ಸರ್ವರ್ ನೋಡಿಕೊಳ್ಳುವವರಿಗೆ, ಬೇರೆ ಪರವಾನಗಿ ಇಲ್ಲದಿದ್ದರೆ, ದೂರದಿಂದ ಒಟ್ಟಿಗೆ ಇಬ್ಬರು ಮಾತ್ರ ಒಳಗಿರಬಹುದು. ಇಬ್ಬರು ಸೆಷನ್ ಬಿಟ್ಟು ಮನೆಗೆ ಹೋಗಿದ್ದರೆ, ರಾತ್ರಿ ಎರಡು ಗಂಟೆಗೆ ಏನೋ ಕೆಟ್ಟಿತೆಂದು ಓಡಿಬಂದ ಮೂರನೆಯವನು ಬಾಗಿಲಲ್ಲಿಯೇ ನಿಲ್ಲಬೇಕು, ಇಲ್ಲವೇ ಒಳಗೆ ಏನು ನಡೆಯುತ್ತಿದೆಯೆಂದು ತಿಳಿಯದೆ ಒಬ್ಬರನ್ನು ಹೊರದಬ್ಬಬೇಕು. ನಾನು ಮಾಡಿದ ತಪ್ಪನ್ನೇ ಅವನೂ ಮಾಡಬಹುದು.

ಆದ್ದರಿಂದ ಮಕ್ಕಳೇ, ನಾನು ಹೇಳಬೇಕೆಂದದ್ದು ಎರಡೇ ಮಾತು. ಹಂಚಿಕೊಂಡ ಯಂತ್ರದ ಮುಂದೆ ಕೂತಾಗ, ಎದ್ದು ಹೋಗುವ ಮುಂಚೆ ಎಲೆ ಮಡಚಿ ಏಳಿ. ನೀವು ತೆರೆದದ್ದು ನಿಮ್ಮ ಹೆಸರಿನಲ್ಲಿ ಇನ್ನೊಬ್ಬರ ಜಾಗ ಹಿಡಿದಿರುತ್ತದೆ. ಇನ್ನು, ನಾಳೆ ನೀವೇ ಬಡಿಸುವ ಕಡೆ ನಿಂತಾಗ, ಮಡಚದ ಎಲೆಯನ್ನು ಕೇಳದೆ ಎತ್ತಬೇಡಿ. ಎದ್ದು ಹೋದವರು ಮತ್ತೆ ಬರುವವರಿರಬಹುದು. ಮೊದಲ ಮಾತನ್ನು ಯಂತ್ರವೇ ನಿಮಗೆ ಕಲಿಸುತ್ತದೆ. ಎರಡನೆಯದನ್ನು ಯಾವ ಯಂತ್ರವೂ ಕಲಿಸುವುದಿಲ್ಲ.

ನಿಮ್ಮ ಮನೆಯಲ್ಲಿ, ಊರಲ್ಲಿ ಎಂಬತ್ತು ದಾಟಿದ ಅಜ್ಜಿ ಇದ್ದರೆ ಈ ಭಾನುವಾರವೇ ಫೋನು ಮಾಡಿ. ಕೋಣೆಯ ಬಾಗಿಲು ಹತ್ತು ಗಂಟೆಗೆ ತೆರೆದಿರುತ್ತದೆ. ಎಂಟು ಎಲೆ ಹಾಕಿದ್ದೇವೆ. ಬಂದ ಕೂಡಲೇ ಕಡತಕ್ಕೆ ಹೆಸರಿಟ್ಟಿರೋ ಇಲ್ಲವೋ ಎಂದು ನಾನು ಬಂದು ನೋಡುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಎಣ್ಣೆಗಾಯಿಯ ವಿಧಾನ ಮುಂದಿನ ಸಂಚಿಕೆಗೆ.